ಅಡ್ಡವೋ ಪಕ್ಕಕ್ಕೋ

ಚೆಸ್ಟರ್ ಕೌಂಟಿ, ಪೆನ್ಸಿಲ್ವೇನಿಯಾ
28 ಸೆಪ್ಟೆಂಬರ್ 1986

ಪ್ರೀತಿಯ ಅಜ್ಜಿಯವರಿಗೆ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ಶಾಲೆಯ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ಕೂರಿಸಿ ಬರೆಸುತ್ತಿದ್ದ ಪತ್ರಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಕಾಲೇಜಿಗೆ ಬಂದರೂ ಕೈ ತಾನಾಗಿ ಅದನ್ನೇ ಬರೆಯುತ್ತದೆ. ನಿಜ ಹೇಳಬೇಕೆಂದರೆ ಊಟ ಸೇರುತ್ತಿಲ್ಲ, ಮತ್ತು ತರಗತಿಯಲ್ಲಿ ಯಾರಾದರೂ ನನ್ನ ಹೆಸರು ಹಿಡಿದು ಕರೆದರೆ ಪೆನ್ನು ಬೀಳಿಸಿಕೊಂಡವಳಂತೆ ಬೆಂಚಿನ ಕೆಳಗೆ ಬಗ್ಗುತ್ತೇನೆ. ಇದನ್ನು ಓದಿ ನೀವು ಗಾಬರಿಯಾಗಬಾರದು. ಗಾಬರಿಯಾಗುವಂಥದ್ದೇನೂ ಇಲ್ಲ.

ನನ್ನ ಕೋಣೆಯಲ್ಲಿ ಇನ್ನೊಬ್ಬಳು ಇದ್ದಾಳೆ, ಮರ್ನಾ ಅಂತ. ಪಿಟ್ಸ್‌ಬರ್ಗಿನವಳು. ಅವಳ ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿದ್ದವರು. ಬಂದ ಮೊದಲ ದಿನವೇ ಸೂಟ್‌ಕೇಸು ಕೆಳಗಿಡದೆ, "ಕಿಟಕಿ ಹತ್ರ ಇರೋ ಮಂಚ ನಂಗೆ ಬೇಕು. ನಿಂಗೂ ಬೇಕಿದ್ರೆ ಹೇಳು, ಈಗ್ಲೇ ಜಗಳ ಆಡಿ ಮುಗಿಸ್ಬಿಡೋಣ" ಅಂದಳು. ನನಗೂ ಬೇಕಿತ್ತು. "ಯಾವ್ದಾದ್ರೂ ಸೈ" ಅಂದೆ. ಹಾಸ್ಟೆಲಿನ ಹುಡುಗಿಯರು ನನಗೆ ಇಟ್ಟಿದ್ದ ಅಡ್ಡಹೆಸರೇ ಅದು, 'ಯಾವ್ದಾದ್ರೂ ಸೈ ರೋಡಾ'. ರಾತ್ರಿ ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎಂದು ಎಲ್ಲರೂ ಕಿತ್ತಾಡುವಾಗ ನಾನು ಕಂಬಳಿಯೊಳಗೆ ತಲೆ ಹುದುಗಿಸುತ್ತಿದ್ದೆ.

ಈಗ ಕೇಳಿ, ಇಂಥ ನನಗೆ ಕೊಟ್ಟಿರುವ ಕೆಲಸ ಎಂಥದ್ದು! ನಮ್ಮ ಭಾಷೆಯ ತರಗತಿಯ ಮಿಸೆಸ್ ಲ್ಯಾಂಡಿಸ್ ಈ ವರ್ಷ ಪೂರ್ತಿ ನಮ್ಮಿಂದ ಭಿನ್ನಾಭಿಪ್ರಾಯದ ಮಾತುಗಳನ್ನು ಕಲೆಹಾಕಿಸುತ್ತಾರಂತೆ. ಇಂಗ್ಲಿಷ್ ಮಾತಾಡುವವರು 'ಇಲ್ಲ, ನಾನು ಒಪ್ಪೋದಿಲ್ಲ' ಎನ್ನುವುದನ್ನು ಎಷ್ಟು ಬಗೆಯಲ್ಲಿ ಹೇಳುತ್ತಾರೆ, ಯಾವ ಜಗಳಕ್ಕೆ ಯಾವ ಊರಲ್ಲಿ ಏನು ಹೆಸರು, ಇಷ್ಟು. "ಡಿಕ್ಷನರಿ ಮುಟ್ಟಿದ್ರೆ ನೋಡಿ. ಅಜ್ಜಿ ಇದ್ರೆ ಅಜ್ಜೀನ ಕೇಳಿ" ಅಂದಿದ್ದಾರೆ. ಅಮ್ಮನ ಕಡೆಯವರು ಕ್ವೇಕರ್ ಪಂಥದ ಕ್ರೈಸ್ತರು, ಅವರ ಸಭೆಗೆ ನಾನು ಇಲ್ಲಿಯೂ ಹೋಗುತ್ತೇನೆ. ಅಲ್ಲಿ ಯಾರೂ ದನಿಯೆತ್ತುವುದೇ ಇಲ್ಲ. ಆದ್ದರಿಂದ ಅಪ್ಪನ ಕಡೆಯ ಅಜ್ಜಿಯಾದ ನಿಮ್ಮನ್ನು ಕೇಳುತ್ತಿದ್ದೇನೆ. ಇಂಗ್ಲೆಂಡಿನ ನಿಮ್ಮ ಷ್ರಾಪ್‌ಶೈರಿನಲ್ಲಿ ಜನ ಹೇಗೆ ಜಗಳವಾಡುತ್ತಾರೆ?

ಅಪ್ಪ ಬಹ್ರೇನಿನಿಂದ ಫೋನ್ ಮಾಡಿದ್ದರು. ಅಲ್ಲಿ ಅವರು ಕಟ್ಟಿಸುತ್ತಿರುವ ಸೇತುವೆ ಮುಗಿಯುವಂತೆ ಕಾಣದು, ಹಾಗಾಗಿ ಬರುವ ಬೇಸಿಗೆ ರಜೆ ಪೂರ್ತಿ ನಾನು ನಿಮ್ಮ ಮನೆಯಲ್ಲಿರುವುದೆಂದು ನಿಮ್ಮೊಡನೆ ಮಾತಾಗಿದೆಯಂತೆ. ನನಗೆ ತುಂಬಾ ಸಂತೋಷ.

ನಿಮ್ಮ ಮೊಮ್ಮಗಳು,
ರೋಡಾ


ಕ್ಲೀ ಬೆಟ್ಟದ ಬುಡ, ಲಡ್ಲೋ ಹತ್ತಿರ
19 ಅಕ್ಟೋಬರ್ 1986

ಪ್ರೀತಿಯ ರೋಡಾ,

ನಮ್ಮ ಊರಿನಲ್ಲಿ ಜಗಳವೇ ಇಲ್ಲವಲ್ಲ, ಏನು ಬರೆಯಲಿ ಎಂದು ಕೂತೆ. ಶುರುಮಾಡಿದ ಮೇಲೆ ಕಾಗದ ಸಾಲಲಿಲ್ಲ.

ಟಿಫ್ ಎಂದರೆ ಚಹಾ ಆರುವುದರೊಳಗೆ ಮುಗಿಯುವಂಥದ್ದು, ಹೆಚ್ಚಾಗಿ ಗಂಡಹೆಂಡಿರದು. ಪಕ್ಕದ ಮನೆಯವರು ರೇಡಿಯೋ ಸಣ್ಣಗೆ ಮಾಡಿ ಕಿವಿಗೊಟ್ಟರೆ ಅದು ರೌ. ಬಾರ್ನಿ ಆಗುವುದು ಪಬ್ಬಿನ ಬಾಗಿಲಲ್ಲಿ; ಮಾರನೆಯ ದಿನ ಇಬ್ಬರಿಗೂ ನೆನಪಿರುವುದಿಲ್ಲ. 'ಅವರಿಬ್ಬರಿಗೂ ಮಾತಾಯಿತು' ಎಂದರೆ ಆ ಮಾತನ್ನು ಇನ್ನೊಬ್ಬರ ಮುಂದೆ ಆಡುವಂತಿಲ್ಲ ಎಂದು ತಿಳಿಯಬೇಕು. ಕೊನೆಯದು ಫಾಲಿಂಗ್ ಔಟ್, ಮಾತು ಬಿಡುವುದು. ಅದರಲ್ಲಿ ಸದ್ದೇ ಇರದು. ಎಲ್ಲಕ್ಕಿಂತ ಹೆಚ್ಚು ಬಾಳಿಕೆ ಬರುವುದು ಅದೇ.

ಮಿಸ್ ಪ್ರಾಸರ್ ಕಥೆ ಹೇಳುತ್ತೇನೆ. ಊರಿನ ಹಣ್ಣು ತರಕಾರಿಯ ಪ್ರದರ್ಶನದಲ್ಲಿ ಅವಳ ಕಿತ್ತಳೆ ಮಾರ್ಮಲೇಡಿನ ಪಕ್ಕ ತೀರ್ಪುಗಾರರು ಚೀಟಿ ಇಟ್ಟರು: 'ಸಾಹಸದ ರುಚಿ', ಅಂದರೆ ಬಾಯಿಗಿಡುವಂತಿಲ್ಲ. ತೀರ್ಪು ಕೊಟ್ಟವರು ಅವಳ ಪಕ್ಕದ ಮನೆಯ ಬೆಡೋಸ್. ಅಂದಿನಿಂದ ಅವಳು ದಿನಾ ಬೆಳಿಗ್ಗೆ ಬೇಲಿಯ ಮೇಲಿಂದ ಅವರಿಗೆ ನಮಸ್ಕಾರ ಹೇಳುತ್ತಾಳೆ, ಮೋಡ ಬಿಸಿಲಿನ ವಿಚಾರ ಮಾತಾಡುತ್ತಾಳೆ, ಮಾರ್ಮಲೇಡು ಮಾತ್ರ ಆಚೆ ಊರಿನ ಪ್ರದರ್ಶನಕ್ಕೆ ಹೋಗುತ್ತದೆ. "ಜಗಳವೇನೇ?" ಎಂದು ಕೇಳಿದೆ. "ಛೆ ಛೆ! ಬೆಡೋಸ್ ಅಂಥ ಒಳ್ಳೇ ಮನುಷ್ಯ ಎಲ್ಲಿ ಸಿಗ್ತಾರೆ? ನಾಲಿಗೆ ಒಂದು ಪಾಪ, ಮೊದಲಿನ ಹಾಗಿಲ್ಲ ಅಷ್ಟೆ" ಅಂದಳು.

ನಿನ್ನ ಟೀಚರಿಗೆ ಇದನ್ನೂ ಹೇಳು. ಇಲ್ಲಿ ಯಾರಾದರೂ 'ನಿಮ್ಮ ಮೇಲೆ ಗೌರವ ಇಟ್ಟೇ ಹೇಳ್ತೀನಿ' ಎಂದು ಬಾಯಿ ತೆರೆದರೆ ಗೌರವ ಮುಗಿಯಿತು, ಕುರ್ಚಿ ಹಿಂದಕ್ಕೆ ಸರಿಸಿ ಕೂರುವುದು ಒಳ್ಳೆಯದು.

ನಾನು ಈಗ ಚರ್ಚಿನ ಗೋಪುರದಲ್ಲಿ ಗಂಟೆ ಹೊಡೆಯುವುದನ್ನು ಕಲಿಯುತ್ತಿದ್ದೇನೆ. ಈ ವಯಸ್ಸಿನಲ್ಲಿ ಎಂದು ನಿನ್ನಪ್ಪ ನಗಬಹುದು, ಅವನಿಗೆ ಹೇಳಬೇಡ. ಆರು ಗಂಟೆಗಳು, ಆರು ಹಗ್ಗ, ಆರು ಜನ.

ನಿನ್ನ ಕೋಣೆಗೆ ಹಳದಿ ಬಣ್ಣ ಆಗಬಹುದೇ? ನೀನು ಬರುವುದು ನನಗೂ ಸಂತೋಷವೇ.

ನಿನ್ನ ಅಜ್ಜಿ,
ವಿನಿಫ್ರೆಡ್ ಥ್ಯಾಕ್‌ವೇ


ಚೆಸ್ಟರ್ ಕೌಂಟಿ
23 ನವೆಂಬರ್ 1986

ಪ್ರೀತಿಯ ಅಜ್ಜಿಯವರಿಗೆ,

ಹಳದಿ ತುಂಬಾ ಚೆನ್ನಾಗಿರುತ್ತದೆ.

ನಿಮ್ಮ ಪತ್ರವನ್ನು ತರಗತಿಯಲ್ಲಿ ಓದಿದೆ. ಓದುವಾಗ ಮುಖ ಕಾಣದಂತೆ ಕಾಗದ ಎತ್ತಿ ಹಿಡಿದಿದ್ದೆ, ಆದರೂ 'ಸಾಹಸದ ರುಚಿ' ಬಂದಾಗ ಇಡೀ ತರಗತಿ ನಕ್ಕಿತು. ಮಿಸೆಸ್ ಲ್ಯಾಂಡಿಸ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನು ಹೇಳಿದ್ದಕ್ಕೆ ಯಾರಾದರೂ ನಕ್ಕದ್ದು ಅದೇ ಮೊದಲು. ನನ್ನನ್ನು ನೋಡಿ ನಕ್ಕದ್ದು ಬೇರೆ ಲೆಕ್ಕ.

ಅಂದಿನಿಂದ ಮರ್ನಾ ಊಟಕ್ಕೆ ಹೋದಲ್ಲೆಲ್ಲ ನನ್ನನ್ನು ಕಾಡುತ್ತಾಳೆ. ಸಾರು ತಣ್ಣಗಿದ್ದರೆ ಸಾಕು, "ಏ ಇಂಗ್ಲಿಷ್‌ನೋಳೇ, ಹೇಳೇ, ಸಾಹಸದ ಸಾರು ಅನ್ನು!" ಎಂದು ಮೊಣಕೈಯಿಂದ ತಿವಿಯುತ್ತಾಳೆ. ಅವಳ ಮನೆಯಲ್ಲಿ ಜಗಳಕ್ಕೆ ಹೆಸರೇ ಇಲ್ಲವಂತೆ. "ಅದಕ್ಕೆ ಊಟ ಅಂತೀವಿ" ಅನ್ನುತ್ತಾಳೆ.

ಒಂದು ಸುದ್ದಿ. ಮಿಸೆಸ್ ಲ್ಯಾಂಡಿಸ್ ಬರುವ ಬೇಸಿಗೆಯಲ್ಲಿ ತಮ್ಮ ಕಾರಿನಲ್ಲಿ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಲ್ಯಾಂಕಾಸ್ಟರಿನಿಂದ ಹಿಡಿದು ಮೇರಿಲ್ಯಾಂಡಿನ ಬೆಟ್ಟಗಳವರೆಗೆ ಹೊಲಮನೆಗಳ ಅಡುಗೆಮನೆಯಲ್ಲಿ ಕೂತು ಈ ಮಾತುಗಳನ್ನೇ ಕೇಳುತ್ತ ಹೋಗುತ್ತಾರಂತೆ. ಸಾಮಾನಿನ ನಡುವೆ ಒಬ್ಬ ವಿದ್ಯಾರ್ಥಿಗೆ ಮಾತ್ರ ಜಾಗ. ಯಾರನ್ನು ಕರೆದುಕೊಂಡು ಹೋಗುತ್ತಾರೋ, ಅದೃಷ್ಟವಂತರು. ಸುಮ್ಮನೆ ತಿಳಿಸಿದೆ.

ಅಲ್ಲಿ ಬೇಸಿಗೆಯಲ್ಲಿ ಉಣ್ಣೆಯ ಅಂಗಿ ಬೇಕಾಗುತ್ತದೆಯೇ?

ನಿಮ್ಮ ಮೊಮ್ಮಗಳು,
ರೋಡಾ


ಕ್ಲೀ ಬೆಟ್ಟದ ಬುಡ
11 ಜನವರಿ 1987

ಪ್ರೀತಿಯ ರೋಡಾ,

ಬೇಕಾಗುತ್ತದೆ. ಎರಡು ತಾ.

ಹಳದಿ ಹಚ್ಚಿ ಆಯಿತು. ಬೆಡೋಸ್ ಏಣಿ ಹಿಡಿದುಕೊಂಡರು. "ಧೈರ್ಯದ ಬಣ್ಣ" ಅಂದರು. ಅವರ ಅಭಿಪ್ರಾಯ ತಿಳಿಯಿತಲ್ಲ.

ಗಂಟೆಯ ವಿಚಾರ ಕೇಳು. ಹಗ್ಗ ಎಳೆದರೆ ಗಂಟೆ ಹೊಡೆಯುತ್ತದೆ ಎಂದು ಕೆಳಗಿನವರು ತಿಳಿದಿದ್ದಾರೆ. ಹಾಗಲ್ಲ. ಅಷ್ಟು ಭಾರದ ಗಂಟೆ ತಲೆಕೆಳಗಾಗಿ ನಿಂತು ಒಂದು ಸುತ್ತು ತಿರುಗಿ ಬರುತ್ತದೆ. ಅದು ಬರುವ ಹೊತ್ತಿಗೆ ನಿನ್ನ ಕೈ ಸಿದ್ಧವಿರಬೇಕು, ಪಕ್ಕದವರ ಹಿಂದೆಯೇ ಕೂಡಿಕೊಳ್ಳಬೇಕು. ಚೂರು ತಪ್ಪಿದರೆ ಉಳಿದ ಐದು ಜನರದ್ದೂ ಕೆಡುತ್ತದೆ. ನಮ್ಮ ನಾಯಕಿ ನೋರಾ, ಅಂಚೆ ಕಚೇರಿಯವಳು. ಅಂಚೆ ಕಚೇರಿಯಲ್ಲಿ "ದಯವಿಟ್ಟು, ತೊಂದರೆಯಾಗದಿದ್ದರೆ" ಎನ್ನದೆ ಒಂದು ಸ್ಟಾಂಪು ಕೊಡುವವಳಲ್ಲ. ಗೋಪುರ ಹತ್ತಿದಳೋ, "ವಿನ್ನೀ, ತಡ! ಮತ್ತೆ ತಡ! ನಿದ್ದೆ ಮಾಡ್ತಿದೀಯೇನೇ?" ಎಂದು ಕೂಗುತ್ತಾಳೆ. ನಾನೂ ಬಿಡುವುದಿಲ್ಲ, "ನಾನಲ್ಲ ಕಣೇ ತಡ, ನೀನು ಮುಂಚೆ!" ಎನ್ನುತ್ತೇನೆ. ಕೆಳಗಿಳಿದು ಬಂದ ಕೂಡಲೇ, "ಚಹಾ ಕುಡೀತೀರಾ ಮಿಸೆಸ್ ಥ್ಯಾಕ್‌ವೇ?" ಈ ಊರಿನಲ್ಲಿ ನನಗೆ ನೇರವಾಗಿ ತಪ್ಪು ಎನ್ನುವವರು ಇರುವುದು ಆ ಕಲ್ಲಿನ ಕೋಣೆಯಲ್ಲಿ ಮಾತ್ರ. ಅಲ್ಲಿಂದ ಬಂದ ರಾತ್ರಿ ನನಗೆ ಒಳ್ಳೆಯ ನಿದ್ದೆ.

ಜೂನಿನ ಶನಿವಾರಗಳಲ್ಲೆಲ್ಲ ನಾವು ಗಂಟೆ ಹೊಡೆಯುವ ಮದುವೆಗಳಿವೆ. ಜುಲೈ ಪೂರ್ತಿ ನಮ್ಮವರು ಮಿನಿಬಸ್ಸಿನಲ್ಲಿ ಡೆವನ್, ಕಾರ್ನ್‌ವಾಲ್ ಕಡೆ ಊರೂರಿನ ಗೋಪುರಗಳನ್ನು ಹತ್ತುತ್ತ ಹೋಗುತ್ತಾರೆ. ಸಮುದ್ರದ ಮೇಲೆಯೇ ನಿಂತಂತಿರುವ ಒಂದು ಗೋಪುರವಿದೆಯಂತೆ. ಅಲ್ಲಿನ ಗಂಟೆಯ ದನಿಗೆ ದೋಣಿಯವರು ತಲೆಯೆತ್ತಿ ನೋಡುತ್ತಾರಂತೆ. ನಾನು ಹೋಗುವುದಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ಬೇಸರವೇನೂ ಇಲ್ಲ. ಮೊಮ್ಮಗಳು ಬರುತ್ತಾಳೆ ಎಂದರೆ ಸಾಮಾನ್ಯವೇ?

ನಿನ್ನ ಅಜ್ಜಿ,
ವಿನಿಫ್ರೆಡ್


ಚೆಸ್ಟರ್ ಕೌಂಟಿ
8 ಮಾರ್ಚ್ 1987

ಪ್ರೀತಿಯ ಅಜ್ಜಿಯವರಿಗೆ,

ಬೇಸರವಿಲ್ಲವೆಂದು ತಿಳಿದು ಸಮಾಧಾನವಾಯಿತು. ನನ್ನಿಂದ ನಿಮಗೆ ತೊಂದರೆಯಾಯಿತೇನೋ ಎಂದು ಒಂದು ಗಳಿಗೆ ಅನ್ನಿಸಿತ್ತು.

ಇವತ್ತು ನಾನು ಒಂದು ಅನಾಹುತ ಮಾಡಿದೆ.

ಕ್ವೇಕರ್ ಸಭೆ ಹೇಗೆ ನಡೆಯುತ್ತದೆಂದು ನಿಮಗೆ ಅಪ್ಪ ಹೇಳಿರಬಹುದು. ಪಾದ್ರಿ ಇಲ್ಲ, ಹಾಡಿಲ್ಲ, ಎಲ್ಲರೂ ಮೌನವಾಗಿ ಕೂರುತ್ತೇವೆ. ಸಭೆಯ ವ್ಯವಹಾರ ನಿರ್ಧರಿಸುವುದೂ ಹಾಗೆಯೇ. ಕೈಯೆತ್ತಿ ಮತ ಹಾಕುವುದಿಲ್ಲ. ಸಭೆ ನಡೆಸುವವರನ್ನು ಕ್ಲರ್ಕ್ ಎನ್ನುತ್ತೇವೆ; ಅವರು ಒಂದು ವಿಷಯ ಮುಂದಿಡುತ್ತಾರೆ, ಹೇಳುವುದಿದ್ದವರು ಎದ್ದು ನಿಂತು ಹೇಳುತ್ತಾರೆ, ಯಾರೂ ಏಳದಿದ್ದರೆ ಎಲ್ಲರ ಮನಸ್ಸೂ ಒಂದೇ ಎಂದು ಬರೆದುಕೊಳ್ಳುತ್ತಾರೆ. ಇಂದಿನ ವಿಷಯ ಗೋಡೆ ಗಡಿಯಾರ. ಅದರ ಟಿಕ್‌ಟಿಕ್ ಮೌನಕ್ಕೆ ಅಡ್ಡಿ, ತೆಗೆದುಬಿಡೋಣ ಎಂದು ಯಾರೋ ಸೂಚಿಸಿದ್ದರು. ಯಾರೂ ಏಳಲಿಲ್ಲ. ಕ್ಲರ್ಕ್ ಎಲ್ವುಡ್ ಪೆನ್ನು ಕೈಗೆತ್ತಿಕೊಂಡರು.

ಅಷ್ಟರಲ್ಲಿ ನನ್ನ ಎಡಗಾಲು ಜೋಮು ಹಿಡಿಯಿತು. ಜೋಮೆಂದರೆ ಎಂಥ ಜೋಮು! ತಾಳಲಾರದೆ ಎದ್ದು ನಿಂತೆ. ಎದ್ದ ಮೇಲೆ ನೆನಪಾಯಿತು, ಈ ಸಭಾಮನೆಯಲ್ಲಿ ಎದ್ದು ನಿಂತರೆ ಏನರ್ಥ ಎಂದು.

ಎಲ್ವುಡ್ ಪೆನ್ನು ಕೆಳಗಿಟ್ಟರು. ಎಲ್ಲರೂ ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟುಕೊಂಡು, ನನ್ನ ಮಾತಿಗಾಗಿ ಕಾಯತೊಡಗಿದರು. ಕ್ವೇಕರರು ಕಾಯುವುದು ನಿಮಗೆ ಗೊತ್ತಿಲ್ಲ ಅಜ್ಜಿ. ಅವರು ಕಾಯುತ್ತಾರೆ. ಟಿಕ್, ಟಿಕ್ ಎಂದು ಆ ಗಡಿಯಾರವೊಂದೇ. ಕೂತುಬಿಡೋಣವೆಂದರೆ ಕಾಲು ಮಡಚುತ್ತಿಲ್ಲ. ಕೊನೆಗೆ ನನ್ನ ಬಾಯಿಂದ ಬಂತು, "ಗಡಿಯಾರ ಇರಲಿ."

ಎಲ್ವುಡ್ ಮೆತ್ತಗೆ ಕೇಳಿದರು, "ಯಾಕೆ ರೋಡಾ?"

"ಎದೆ ಹೊಡ್ಕೊಳ್ಳೋವಾಗ ನಾನು ಅದರ ಜೊತೆ ಉಸಿರಾಡ್ತೀನಿ. ಅದಿಲ್ದಿದ್ರೆ ಇಲ್ಲಿ ಕೂರೋಕಾಗಲ್ಲ ನಂಗೆ."

ಹೇಳಿದ ಮೇಲೆ ತಿಳಿಯಿತು, ಅದು ನಿಜ. ಕಾಲಿನ ನೆಪದಲ್ಲಿ ಎದ್ದೆ, ಆದರೆ ಮಾತು ಕಾಲಿನದಾಗಿರಲಿಲ್ಲ.

"ಸರಿ. ನೀನು ಪಕ್ಕಕ್ಕೆ ನಿಲ್ತೀಯಾ, ಅಡ್ಡ ನಿಲ್ತೀಯಾ?" ಅಂದರು. ನಮ್ಮಲ್ಲಿ ಒಪ್ಪದವರಿಗೆ ಇರುವುದು ಇವೆರಡೇ ದಾರಿ. ಪಕ್ಕಕ್ಕೆ ನಿಲ್ಲುವುದೆಂದರೆ 'ನನಗೆ ಒಪ್ಪಿಗೆಯಿಲ್ಲ, ಆದರೆ ನೀವು ಮುಂದುವರಿಯಿರಿ' ಎಂದು. ಅಡ್ಡ ನಿಲ್ಲುವುದೆಂದರೆ 'ಇದು ಆಗಕೂಡದು' ಎಂದು. ಹಾಸ್ಟೆಲಿನ ಕಿಟಕಿಯಿಂದ ಹಿಡಿದು ಈವರೆಗೂ ನಾನು ಪಕ್ಕಕ್ಕೇ ನಿಂತವಳು.

"ಅಡ್ಡ" ಅಂದೆ.

ಎಲ್ವುಡ್ ತಲೆಯಾಡಿಸಿ, "ಗಡಿಯಾರ ಇರುತ್ತೆ" ಎಂದು ಬರೆದುಕೊಂಡರು. ಅಷ್ಟೇ. ಸಿಡಿಲು ಬಡಿಯಲಿಲ್ಲ. ಆಮೇಲೆ ಹೊರಗೆ ಕಾಫಿ ಕುಡಿಯುವಾಗ ಒಬ್ಬ ಮುದುಕಿ ತಾನು ತಂದಿದ್ದ ಕಾಕಂಬಿ ಪೈಯಲ್ಲಿ ದೊಡ್ಡ ತುಂಡು ಕತ್ತರಿಸಿ ನನ್ನ ತಟ್ಟೆಗಿಟ್ಟು, "ನಂಗೂ ಅದು ಬೇಕಿತ್ತು ಮಗಾ. ಬೇರೆ ಎಲ್ರಿಗೂ ಬೇಡವೇನೋ ಅಂತ ಸುಮ್ನಿದ್ದೆ" ಅಂದಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಕೊನೆಗೆ ನೋಡಿದರೆ ಗಡಿಯಾರ ಬೇಡವೆಂದವರು ಯಾರೆಂದೇ ಗೊತ್ತಾಗಲಿಲ್ಲ.

ನಿಮ್ಮ ಮೊಮ್ಮಗಳು,
ರೋಡಾ

ಮರೆತಿದ್ದೆ: ಮಿಸೆಸ್ ಲ್ಯಾಂಡಿಸ್ ಕಾರಿನ ಆ ಜಾಗಕ್ಕೆ ನನ್ನನ್ನು ಕರೆದರು. ಬೇಸಿಗೆಯಲ್ಲಿ ಅಜ್ಜಿಯ ಮನೆಗೆ ಹೋಗುತ್ತೇನೆಂದೆ. "ಅವಸರ ಇಲ್ಲ, ಯೋಚ್ನೆ ಮಾಡು" ಅಂದರು. ಯೋಚಿಸುವುದೇನಿದೆ.


ಚೆಸ್ಟರ್ ಕೌಂಟಿ
15 ಮಾರ್ಚ್ 1987

ಪ್ರೀತಿಯ ಅಜ್ಜಿಯವರಿಗೆ,

ಯೋಚಿಸಿದೆ.

ಕ್ಷಮಿಸಿ. ನನಗೆ ಈ ಬೇಸಿಗೆ ನಿಮ್ಮಲ್ಲಿಗೆ ಬರಲು ಇಷ್ಟವಿಲ್ಲ. ನಿಮ್ಮ ಮೇಲೆ ಪ್ರೀತಿಯಿಲ್ಲವೆಂದಲ್ಲ. ನಾನು ಆ ಕಾರಿನಲ್ಲಿ ಹೋಗಬೇಕು. ಯಾರದೋ ಅಡುಗೆಮನೆಯಲ್ಲಿ ಕೂತು, 'ನಿಮ್ಮ ಕಡೆ ಇದಕ್ಕೇನಂತೀರಿ?' ಎಂದು ಕೇಳಬೇಕು. ಇಷ್ಟು ಬೇಕೆಂದು ನನಗೆ ಯಾವುದೂ ಅನ್ನಿಸಿದ್ದಿಲ್ಲ. ಕೋಣೆಗೆ ಬಣ್ಣ ಹಚ್ಚಿಸಿದ್ದೀರಿ, ನನ್ನಿಂದಾಗಿ ಪ್ರವಾಸ ಬಿಟ್ಟಿದ್ದೀರಿ, ಎಲ್ಲ ಗೊತ್ತು. ಕ್ಷಮಿಸಿ.

ಅಂಚೆ ಡಬ್ಬದವರೆಗೆ ಮರ್ನಾ ಜೊತೆಗೆ ಬರುತ್ತಾಳೆ. ಇಲ್ಲದಿದ್ದರೆ ನಾನು ಅರ್ಧ ದಾರಿಯಿಂದ ವಾಪಸು ಬರುತ್ತೇನೆಂದು ಅವಳಿಗೆ ಗೊತ್ತು.

ರೋಡಾ


ಚೆಸ್ಟರ್ ಕೌಂಟಿ
19 ಏಪ್ರಿಲ್ 1987

ಪೂಜ್ಯ ಅಜ್ಜಿಯವರಿಗೆ,

ನಿಮ್ಮಿಂದ ಪತ್ರ ಬರಲಿಲ್ಲ. ದಿನಾ ಅಂಚೆಯ ಗೂಡಿನೊಳಗೆ ಕೈಹಾಕಿ ನೋಡುತ್ತೇನೆ. 'ಸದ್ದೇ ಇರದು, ಎಲ್ಲಕ್ಕಿಂತ ಹೆಚ್ಚು ಬಾಳಿಕೆ ಬರುವುದು ಅದೇ' ಎಂದು ನೀವೇ ಬರೆದಿದ್ದಿರಿ. ನನಗೆ ಅರ್ಥವಾಯಿತು.

ನಾನು ಬರುತ್ತೇನೆ. ಮಿಸೆಸ್ ಲ್ಯಾಂಡಿಸ್‌ಗೆ ಹೇಳಿಬಿಟ್ಟೆ, ಆ ಜಾಗ ಬೇರೆಯವರಿಗೆ ಕೊಡಿ ಎಂದು. ಅವರು ನನ್ನ ಮುಖವನ್ನೇ ನೋಡಿ, "ಮೇ ತಿಂಗಳ ನಡುವಿನವರೆಗೂ ಯಾರಿಗೂ ಕೊಡೋಲ್ಲ. ನಂಗೂ ಮರೆವು ಜಾಸ್ತಿ, ನೀನು ಬಂದು ಹೇಳಿದ್ದನ್ನೇ ಮರೀತೀನಿ" ಅಂದರು. ಮರ್ನಾ ನಿನ್ನೆಯಿಂದ ನನ್ನೊಡನೆ ಮಾತಾಡಿಲ್ಲ. ಪಿಟ್ಸ್‌ಬರ್ಗಿನವರು ಮಾತು ಬಿಟ್ಟರೆ ಅದಕ್ಕೆ ಏನು ಹೆಸರೋ, ಕೇಳೋಣವೆಂದರೆ ಅವಳು ಮಾತಾಡುತ್ತಿಲ್ಲ.

ಜೂನ್ ಆರಕ್ಕೆ ಟಿಕೆಟ್ ನೋಡುತ್ತೇನೆ. ಉಣ್ಣೆಯ ಅಂಗಿ ಎರಡು ತರುತ್ತೇನೆ. ಹಳದಿ ನನಗೆ ತುಂಬಾ ಇಷ್ಟ.

ತಮ್ಮ ವಿಧೇಯ ಮೊಮ್ಮಗಳು,
ರೋಡಾ


(ಅಂಚೆ ಕಾರ್ಡು)
27 ಏಪ್ರಿಲ್ 1987

ಬರಬೇಡ. ನಾನು ಅಡ್ಡ ನಿಂತಿದ್ದೇನೆ, ಪಕ್ಕಕ್ಕಲ್ಲ. ಪತ್ರ ಹಿಂದೆ ಬರುತ್ತದೆ. — ಅಜ್ಜಿ


ಕ್ಲೀ ಬೆಟ್ಟದ ಬುಡ
28 ಏಪ್ರಿಲ್ 1987

ರೋಡಾ ಪುಟ್ಟೀ,

ಕಾರ್ಡನ್ನು ನೋರಾ ಓದಿರುತ್ತಾಳೆ, ಅವಳದೇ ಅಂಚೆ ಕಚೇರಿ. ಓದಲಿ.

ಬರುವುದಿಲ್ಲವೆಂದು ಬರೆದ ನಿನ್ನ ಮಾರ್ಚಿನ ಪತ್ರ ಕೈಸೇರಿದ ದಿನವೇ ಉತ್ತರ ಬರೆಯಲು ಕೂತೆ. 'ಪರವಾಗಿಲ್ಲ ಮಗೂ' ಎಂದು ಬರೆದೆ. ಓದಿ ನೋಡಿದರೆ ಪರವಾಗಿದೆ ಎಂದೇ ಕೇಳಿಸಿತು. ಹರಿದೆ. 'ನನಗೆ ಕಿಂಚಿತ್ತೂ ಬೇಸರವಿಲ್ಲ' ಎಂದು ಬರೆದೆ. ನಮ್ಮ ಊರಿನಲ್ಲಿ ಆ ಮಾತನ್ನು ಮುಖ ಊದಿಸಿಕೊಂಡವರಲ್ಲದೆ ಬೇರೆ ಯಾರೂ ಆಡುವುದಿಲ್ಲ. ಅದನ್ನೂ ಹರಿದೆ. ಹೀಗೇ ಬರೆಯುವುದು ಹರಿಯುವುದು ನಡೆದು ಒಲೆ ಹೊತ್ತಿಸಲು ಬೇಕಾದಷ್ಟು ಕಾಗದವಾಯಿತು. ಅಷ್ಟರಲ್ಲಿ ನಿನ್ನ ಎರಡನೇ ಪತ್ರ, 'ಪೂಜ್ಯ', 'ವಿಧೇಯ' ಎಂದೆಲ್ಲ. ಓದಿದ ಕೂಡಲೇ ಆ ಕಾರ್ಡು ಬರೆದು ಹಾಕಿದೆ.

ನಿಜ ಏನೆಂದರೆ, ನೀನು ಬರುವುದಿಲ್ಲ ಎಂದು ಓದಿದ ಕೂಡಲೇ ನಾನು ಅಡುಗೆಮನೆಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಎರಡು ಸಲ. ಬೆಕ್ಕು ಹೆದರಿ ಓಡಿತು. ಇದನ್ನು ಮೊಮ್ಮಗಳಿಗೆ ಹೇಗೆ ಬರೆಯುವುದು? 'ನೀನು ಬರದಿದ್ದುದು ಒಳ್ಳೆಯದಾಯಿತು' ಎಂದರೆ, ಹನ್ನೊಂದನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದ ಹುಡುಗಿ ಅದನ್ನು ಹೇಗೆ ಓದುತ್ತಾಳೆ ಎಂದು ನನಗೆ ತಿಳಿಯದೇ? ಬೇಸರವೆಂದರೆ ಸುಳ್ಳು. ಅದಕ್ಕೇ ಕೈ ಓಡಲಿಲ್ಲ. ಮುನಿಸಲ್ಲ ಮಗೂ ಅದು. ಇಂಗ್ಲೆಂಡಿನವರ ಬಾಯಿ.

ಇನ್ನು ನಿನ್ನಪ್ಪ ಫೋನಿನಲ್ಲಿ ಕೇಳಿದಾಗ ನಾನು "ಅವಳು ಬಂದ್ರೆ ಎಷ್ಟು ಚೆನ್ನ" ಎಂದೆ. ಅವನು ಇಲ್ಲ ಎನ್ನಲಿ ಎಂದು ಕಾದೆ. ಅವನೂ ನನ್ನ ಮಗನೇ ತಾನೇ, ನಾನು ಹೂಂ ಎಂದೆನೆಂದು ಅವನೂ ಹೂಂ ಎಂದ. ನೀನೂ ಹೂಂ ಎಂದೆ. ಮೂವರಲ್ಲಿ ಯಾರಿಗೂ ಬೇಡದ ಬೇಸಿಗೆಗೆ ನಾನು ಏಣಿ ಹತ್ತಿ ಬಣ್ಣ ಹಚ್ಚಿದೆ ನೋಡು.

ನನಗೆ ಗೋಪುರ ಬೇಕು ರೋಡಾ. ಜುಲೈಯಲ್ಲಿ ಸಮುದ್ರದ ಮೇಲಿನ ಆ ಗೋಪುರದಲ್ಲಿ ನಿಂತು ನೋರಾಳ ಬೈಗುಳ ಕೇಳಬೇಕು. ನನ್ನ ಜಾಗಕ್ಕೆ ಆಚೆ ಊರಿನ ಒಬ್ಬಳನ್ನು ಹಾಕಿಕೊಂಡಿದ್ದರು. ನಿನ್ನ ಮಾರ್ಚಿನ ಪತ್ರ ಕೈಯಲ್ಲಿ ಹಿಡಿದು ಹೋಗಿ, "ಆ ಹಗ್ಗ ನಂದು" ಎಂದೆ. ನೋರಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅದನ್ನ ಹೇಳೋಕೆ ನಿಂಗೆ ಇಷ್ಟು ದಿನ ಬೇಕಾಯ್ತೇನೇ ವಿನ್ನೀ? ಅವಳ ಜೊತೆ ಹೊಡೆಯೋ ಬದ್ಲು ಹಿತ್ತಾಳೆ ತಟ್ಟೆ ಬಡಿಯೋದು ವಾಸಿ" ಎಂದಳು. ಗೋಪುರದ ಕೆಳಗೆ, ರಸ್ತೆಯಲ್ಲಿ, ನಾಲ್ಕು ಜನರ ಮುಂದೆ ಎಂದಳು. ಬೆಡೋಸ್ ಟೊಪ್ಪಿಗೆ ತೆಗೆದುಬಿಟ್ಟರು.

ಮಿಸೆಸ್ ಲ್ಯಾಂಡಿಸ್ ಅವರ ಮರೆವಿಗೆ ನನ್ನ ವಂದನೆ. ಕಾರು ಹತ್ತು. ಹತ್ತದಿದ್ದರೆ ನಮ್ಮಿಬ್ಬರಿಗೂ ನಿಜವಾದ ರೌ ಆಗುತ್ತದೆ, ಪಕ್ಕದ ಮನೆಯವರು ರೇಡಿಯೋ ಸಣ್ಣಗೆ ಮಾಡುವಂಥದ್ದು.

ಅಜ್ಜಿ


ಕಂಬರ್ಲೆಂಡ್ ಹತ್ತಿರ, ಮೇರಿಲ್ಯಾಂಡ್
12 ಜುಲೈ 1987

ಅಜ್ಜೀ,

ಈ ಕಾಗದದ ಮೇಲಿರುವುದು ಪೀಚ್ ಹಣ್ಣಿನ ರಸ. ಜಗಲಿಯಲ್ಲಿ ಕೂತು ತಿನ್ನುತ್ತಲೇ ಬರೆಯುತ್ತಿದ್ದೇನೆ. ನಿನ್ನ ಅಂಚೆ ಕಾರ್ಡು ನನ್ನ ಚೀಲದಲ್ಲೇ ಇದೆ. ಮರ್ನಾ ಅದನ್ನು ನೋಡಿದ ದಿನ ಮಂಚದ ಮೇಲೆ ಹತ್ತಿ ಕುಣಿದಳು. "ನಿಮ್ಮಜ್ಜಿ ಪಿಟ್ಸ್‌ಬರ್ಗಿನೋಳೇ ಕಣೇ!" ಅಂದಳು. ಅದಕ್ಕಿಂತ ದೊಡ್ಡ ಬಿರುದು ಅವಳ ಹತ್ತಿರ ಇಲ್ಲ.

ಇಲ್ಲಿನ ಬೆಟ್ಟದವರು ಸಣ್ಣ ಜಗಳಕ್ಕೆ ಫಸ್ ಅನ್ನುತ್ತಾರೆ. ಲ್ಯಾಂಕಾಸ್ಟರ್ ಕಡೆ ಇಬ್ಬರು ಮಾತು ಬಿಟ್ಟಿದ್ದರೆ 'ಔಟ್ಸ್ ಮೇಲಿದ್ದಾರೆ' ಅಂದರು. ನಿನ್ನೆ ಒಬ್ಬ ಹೈನುಗಾರ್ತಿಯನ್ನು ಕೇಳಿದೆ. ಎರಡೂ ಕಡೆಯವರಿಗೂ ಒಂದು ವಿಷಯ ಬೇಡ, ಆದರೆ ಇನ್ನೊಬ್ಬರಿಗೆ ಬೇಕೆಂದುಕೊಂಡು ಇಬ್ಬರೂ ಹೂಂ ಅನ್ನುತ್ತಾರೆ, ಇದಕ್ಕೆ ನಿಮ್ಮಲ್ಲಿ ಏನಂತೀರಿ ಎಂದು. ಅವಳು ಬೆಣ್ಣೆ ಕಡೆಯುವುದನ್ನು ನಿಲ್ಲಿಸದೆ, "ನನ್ನ ಮದುವೆ ಅಂತೀವಿ" ಅಂದಳು. ಒಳಕೋಣೆಯಿಂದ ಅವಳ ಗಂಡ, "ಕೇಳಿಸ್ತು!" ಎಂದು ಕೂಗಿದ. "ಕೇಳಿಸ್ಲಿ ಅಂತಾನೇ ಹೇಳಿದ್ದು!" ಎಂದು ಇವಳೂ ಕೂಗಿದಳು. ಟೇಪಿನಲ್ಲಿ ಇಬ್ಬರ ನಗುವೂ ಬಿದ್ದಿದೆ. ಮಿಸೆಸ್ ಲ್ಯಾಂಡಿಸ್ ರಾತ್ರಿ ಅದನ್ನು ಮತ್ತೆ ಹಾಕಿ ಕೇಳಿದರು.

ಪ್ರಶ್ನೆ ಕೇಳುವ ಮೊದಲು ಈಗಲೂ ಒಮ್ಮೆ ಪೆನ್ನು ಬೀಳಿಸಿಕೊಂಡವಳಂತೆ ಬಗ್ಗುತ್ತೇನೆ. ಆದರೂ ಕೇಳುತ್ತೇನೆ. ಸಭಾಮನೆಯ ಗಡಿಯಾರ ನೆನಪಾಗುತ್ತದೆ. ಅದನ್ನು ಉಳಿಸಿದ್ದು ನಾನು ಬದುಕಿನಲ್ಲಿ ಮಾಡಿದ ಒಂದು ಸರಿಯಾದ ಕೆಲಸ, ಅಲ್ಲವೇ?

ಒಂದು ಮಾತು ಹೇಳಲೇಬೇಕು. ನನಗೆ ಹಳದಿ ಆಗುವುದಿಲ್ಲ. ಯಾವತ್ತೂ ಆಗಿಲ್ಲ.

ರೋಡಾ


ಕ್ಲೀ ಬೆಟ್ಟದ ಬುಡ
2 ಆಗಸ್ಟ್ 1987

ರೋಡಾ,

ನನಗೂ ಆಗುವುದಿಲ್ಲ. ಕೊಟ್ಟಿಗೆಯ ಬಾಗಿಲಿಗೆ ತಂದದ್ದು ಮಿಕ್ಕಿತ್ತು. ಈಗ ಆ ಕೋಣೆಯಲ್ಲಿ ನಾನು ಮತ್ತು ಮಿಸ್ ಪ್ರಾಸರ್ ಕೂತು ಕೈಗಂಟೆಗಳ ಅಭ್ಯಾಸ ಮಾಡುತ್ತೇವೆ. ಅವಳಿಗೆ ಬಣ್ಣ ಹಿಡಿಸಿದೆಯಂತೆ, ಬೆಡೋಸ್‌ಗೆ ಹಿಡಿಸಲಿಲ್ಲವಲ್ಲ ಎಂಬ ಒಂದೇ ಕಾರಣಕ್ಕೆ.

ಸಮುದ್ರದ ಮೇಲಿನ ಗೋಪುರ ಹತ್ತಿದೆವು. ದೋಣಿಯವರು ತಲೆಯೆತ್ತಿ ನೋಡಲಿಲ್ಲ, ಅದೆಲ್ಲ ಕಟ್ಟುಕಥೆ. ಆದರೆ ನಮ್ಮ ಆರೂ ಗಂಟೆ ಒಂದರ ಹಿಂದೊಂದು ಮುತ್ತು ಪೋಣಿಸಿದಂತೆ ಬಂದವು, ಒಂದೂ ಮುಂಚಿಲ್ಲ, ಒಂದೂ ತಡವಿಲ್ಲ. ನೋರಾಗೆ ಬೈಯಲು ಏನೂ ಸಿಗದೆ, ಇಳಿಯುವಾಗ ನನ್ನ ಮೆಟ್ಟುಗಳನ್ನು ಬೈದಳು.

ಗಡಿಯಾರದ ವಿಷಯದಲ್ಲಿ ನಿನ್ನದು ತಪ್ಪು. ನಿಮ್ಮ ಮೇಲೆ ಗೌರವ ಇಟ್ಟು ಎಂದೆಲ್ಲ ಸುತ್ತಿಬಳಸುವುದಿಲ್ಲ, ತಪ್ಪೆಂದರೆ ತಪ್ಪು. ಸುಮ್ಮನೆ ಕೂರಬೇಕಾದ ಮನೆಯಲ್ಲಿ ಟಿಕ್‌ಟಿಕ್ ಏಕೆ? ನಾನಾಗಿದ್ದರೆ ಮೊದಲ ವಾರವೇ ಕಿತ್ತು ಕೊಟ್ಟಿಗೆಗೆ ಹಾಕುತ್ತಿದ್ದೆ. ಉಸಿರಾಡಲು ನಿನಗೆ ಮೂಗಿದೆ.

ಕಾಲೇಜು ಶುರುವಾಗುವ ಮುಂಚೆ ಒಂದು ವಾರ ಬಿಡುವಿದ್ದರೆ, ಮತ್ತು ಮನಸ್ಸಿದ್ದರೆ ಮಾತ್ರ, ಬಾ. ಉಣ್ಣೆಯ ಅಂಗಿ ತಂದುಕೋ. ಕೂತು ಜಗಳವಾಡೋಣ. ಕಿಟಕಿ ಪಕ್ಕದ ಮಂಚ ನನ್ನದು. ಬೇಕಿದ್ದರೆ ಬಂದ ಕೂಡಲೇ ಹೇಳಬೇಕು.

ಅಜ್ಜಿ